‘ಹತ್ತು ಕೆಜಿ ಇಳಿಸು, ಆಮೇಲೆ ಎಲ್ಲರಿಗೂ ಹೇಳೋಣ’ ಅಂತಾನೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರ್, ನನಗೆ 17 ವರ್ಷ. ದ್ವಿತೀಯ ಪಿಯುಸಿ. ಎತ್ತರ 158 ಸೆಂಟಿಮೀಟರ್, ತೂಕ 84 ಕೆಜಿ. ಚಿಕ್ಕವಳಿದ್ದಾಗಿನಿಂದಲೂ ದಪ್ಪ. ಟ್ಯೂಷನ್‌ನಲ್ಲಿ ಒಬ್ಬ ಹುಡುಗ ಪರಿಚಯ ಆದ. ಅವನಿಗೆ 19, ಈಗ ಡಿಗ್ರಿ ಮೊದಲ ವರ್ಷ. ಎಂಟು ತಿಂಗಳಿಂದ ದಿನಾ ರಾತ್ರಿ ಮೆಸೇಜ್ ಮಾಡ್ತೀವಿ. ತುಂಬ ಪ್ರೀತಿಯಿಂದ ಮಾತಾಡ್ತಾನೆ. ಆದರೆ ಅವನ ಫ್ರೆಂಡ್ಸ್ ಎದುರು ನನ್ನ ಗುರುತೇ ಇಲ್ಲದವನ ಹಾಗೆ ಹೋಗ್ತಾನೆ. ಕೇಳಿದರೆ, ‘ಹತ್ತು ಕೆಜಿ ಇಳಿಸು, ಆಮೇಲೆ ಎಲ್ಲರಿಗೂ ಹೇಳೋಣ’ ಅಂತಾನೆ. ಎರಡು ತಿಂಗಳಲ್ಲಿ ಇಳಿಸಬೇಕು ಅಂತ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಬಿಟ್ಟಿದ್ದೀನಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಸಿಕ್ಕಿದ್ದನ್ನೆಲ್ಲ ತಿಂದು ಅಳ್ತೀನಿ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಕತ್ತು ಕಪ್ಪಗಾಗಿದೆ, ಎಷ್ಟು ಉಜ್ಜಿದರೂ ಹೋಗ್ತಿಲ್ಲ. ಈಗ ಅವನು ಫೋಟೋ ಕಳಿಸು ಅಂತ ಕೇಳ್ತಿದ್ದಾನೆ, ಎಂಥ ಫೋಟೋ ಅಂತ ನಿಮಗೆ ಗೊತ್ತಾಗುತ್ತೆ. ಅಮ್ಮ ದಿನಾ ‘ಹೀಗಿದ್ರೆ ನಿನ್ನ ಯಾರು ಮದುವೆ ಆಗ್ತಾರೆ’ ಅಂತಾರೆ. ಇವನೂ ಬಿಟ್ಟು ಹೋದರೆ ಇನ್ಯಾರೂ ನನ್ನನ್ನ ಇಷ್ಟಪಡಲ್ಲ ಅನ್ನೋ ಭಯ. ಅಮ್ಮನಿಗೆ ಇದೇನೂ ಗೊತ್ತಿಲ್ಲ.

ಉತ್ತರ: ಮೊದಲು ಎರಡು ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅವು ಕಾಯುವಂಥವಲ್ಲ. ಆ ಫೋಟೋ ಕಳಿಸಬೇಡ. ಮುಟ್ಟು ನಿಂತು ನಾಲ್ಕು ತಿಂಗಳಾಗಿರುವುದಕ್ಕೆ ಈ ವಾರವೇ ಡಾಕ್ಟರನ್ನು ನೋಡು. ಎರಡರ ಬಗ್ಗೆಯೂ ಕೆಳಗೆ ಬಿಡಿಸಿ ಬರೆದಿದ್ದೇನೆ. ಈಗ ನೀನು ನಿಜವಾಗಿ ಕೇಳಿದ ಪ್ರಶ್ನೆಗೆ ಬರೋಣ.

ನೀನು ಕೇಳುತ್ತಿರುವುದು ತೂಕ ಇಳಿಸುವುದು ಹೇಗೆ ಅಂತ ಅಲ್ಲ. ‘ಇಷ್ಟು ದಪ್ಪ ಇರುವ ನನಗೆ ಸಿಗುವ ಪ್ರೀತಿ ಇಷ್ಟೇನಾ? ಸಿಕ್ಕಿದ್ದಕ್ಕೆ ತೃಪ್ತಿ ಪಡಬೇಕಾ?’ ಅಂತ ಕೇಳುತ್ತಿದ್ದೀಯ. ಹದಿಹರೆಯದ ಮಕ್ಕಳ ತೂಕದ ಸಮಸ್ಯೆ ನೋಡುವ ವೈದ್ಯೆ ನಾನು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬಹಳ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅಪ್ಪ ಅಮ್ಮನನ್ನು ಹೊರಗೆ ಕೂರಿಸಿದ ಮೇಲಷ್ಟೇ ಅದು ಹೊರಗೆ ಬರುತ್ತದೆ. ನನ್ನ ಉತ್ತರ: ಇಲ್ಲ. ಇಷ್ಟೇ ಅಲ್ಲ, ಇಷ್ಟಕ್ಕೆ ತೃಪ್ತಿ ಪಡಬೇಕಾಗಿಯೂ ಇಲ್ಲ. ನಿನ್ನಂಥ ಮಕ್ಕಳಿಗೆ ಪ್ರೀತಿ ಸಿಗುವುದೇ ಇಲ್ಲ ಅನ್ನುವುದು ನನ್ನ ಆತಂಕ ಅಲ್ಲ. ಸಿಕ್ಕ ಪ್ರೀತಿಯಲ್ಲಿ ಏನನ್ನೂ ಕೇಳುವ ಹಕ್ಕು ತಮಗಿಲ್ಲ ಅಂತ ಅವರು ನಂಬಿಬಿಡುತ್ತಾರಲ್ಲ, ಆತಂಕ ಅದರದು.

ದಪ್ಪಗಿರುವವರನ್ನು ಯಾರೂ ಇಷ್ಟಪಡುವುದಿಲ್ಲ ಅನ್ನುತ್ತಾರಲ್ಲ, ಅದರಲ್ಲಿ ನಿಜ ಎಷ್ಟು? ಸುಮ್ನೆ ಸಮಾಧಾನ ಹೇಳಲು ‘ಅದೆಲ್ಲ ಸುಳ್ಳು’ ಅಂದರೆ ನೀನು ನಂಬುವುದಿಲ್ಲ, ಯಾಕೆಂದರೆ ಕಾಲೇಜಿನಲ್ಲಿ ದಿನಾ ಅನುಭವಿಸುತ್ತಿರುವವಳು ನೀನು. ಅಮೆರಿಕದಲ್ಲಿ ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳಲ್ಲಿ, ಬೊಜ್ಜು ಇರುವ ಮಕ್ಕಳು, ಅದರಲ್ಲೂ ಹುಡುಗಿಯರು, ಉಳಿದವರಿಗಿಂತ ಕಡಿಮೆ ಪ್ರಮಾಣದಲ್ಲಿ ಪ್ರೇಮ ಸಂಬಂಧಗಳಲ್ಲಿ ಇರುತ್ತಾರೆ ಅಂತ ಕಂಡುಬಂದಿದೆ. ಅಂದರೆ ನಿನ್ನ ಅನುಭವ ಕಲ್ಪನೆಯಲ್ಲ. ಆದರೆ ‘ಕಡಿಮೆ’ ಅನ್ನುವುದಕ್ಕೂ ‘ಯಾರೂ ಇಲ್ಲ’ ಅನ್ನುವುದಕ್ಕೂ ಬಹಳ ದೂರ ಇದೆ. ಅಮ್ಮನ ಮಾತು, ನಿನ್ನ ಭಯ ಎರಡೂ ಈ ದೂರವನ್ನು ಅಳಿಸಿಹಾಕಿವೆ.

ಈ ವ್ಯತ್ಯಾಸ ದೇಹದಿಂದ ಬಂದದ್ದಲ್ಲ, ನೋಡುವವರ ಕಣ್ಣಿನಿಂದ ಬಂದದ್ದು. 1961ರಲ್ಲಿ ಅಮೆರಿಕದ ಸಂಶೋಧಕರು ಹತ್ತು, ಹನ್ನೊಂದು ವರ್ಷದ ಮಕ್ಕಳಿಗೆ ಆರು ಚಿತ್ರ ತೋರಿಸಿದರು. ಆರೂ ಮಕ್ಕಳ ಚಿತ್ರಗಳು. ಒಂದು ಮಗುವಿಗೆ ಯಾವ ತೊಂದರೆಯೂ ಇಲ್ಲ, ಒಂದು ಊರುಗೋಲು ಹಿಡಿದಿದೆ, ಒಂದು ಗಾಲಿಕುರ್ಚಿಯಲ್ಲಿದೆ, ಒಂದಕ್ಕೆ ಕೈ ಇಲ್ಲ, ಒಂದರ ಮುಖ ವಿಕಾರವಾಗಿದೆ, ಒಂದು ದಪ್ಪಗಿದೆ. ‘ಯಾರು ನಿಮಗೆ ಜಾಸ್ತಿ ಇಷ್ಟ, ಆಮೇಲೆ ಯಾರು’ ಅಂತ ಸಾಲಾಗಿ ಆರಿಸಲು ಹೇಳಿದರು. ದಪ್ಪಗಿರುವ ಮಗು ಎಲ್ಲರಿಗಿಂತ ಕೊನೆಗೆ ಬಂತು. 40 ವರ್ಷ ಕಳೆದು, 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇದೇ ಪ್ರಯೋಗ ಮತ್ತೆ ಮಾಡಿದರು. ಅಷ್ಟರಲ್ಲಿ ಅಲ್ಲಿ ದಪ್ಪಗಿರುವ ಮಕ್ಕಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತ್ತು. ತಾತ್ಸಾರ ಕಡಿಮೆ ಆಗಬೇಕಿತ್ತು, ಅಲ್ವಾ? ಇನ್ನೂ ಜಾಸ್ತಿ ಆಗಿತ್ತು.

ಹತ್ತು ವರ್ಷದ ಮಕ್ಕಳು ಹುಟ್ಟುತ್ತಲೇ ಇದನ್ನು ಕಲಿತು ಬರುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ದಪ್ಪಗಿರುವ ಹುಡುಗಿ ಪರದೆಯ ಮೇಲೆ ಬರುವುದೇ ನಗಿಸುವುದಕ್ಕೆ. ನಾಯಕನ ಸ್ನೇಹಿತ ಅವಳನ್ನು ನೋಡಿ ಓಡುತ್ತಾನೆ, ಥಿಯೇಟರ್ ನಗುತ್ತದೆ. ಮದುವೆಮನೆಯಲ್ಲಿ ದೊಡ್ಡವರೇ ‘ಏನು ಡುಮ್ಮಿ, ಇನ್ನೂ ಊದಿದ್ದೀಯಲ್ಲ’ ಅಂತ ಕೆನ್ನೆ ಹಿಂಡುತ್ತಾರೆ. ಅದನ್ನು ಪ್ರೀತಿ ಅಂತಲೇ ತಿಳಿದಿರುತ್ತಾರೆ. ನಿನ್ನ ಹುಡುಗನೂ ಇದೇ ಗಾಳಿಯಲ್ಲಿ ಬೆಳೆದವನು. ಫ್ರೆಂಡ್ಸ್ ಎದುರು ನಿನ್ನನ್ನು ಗುರುತಿಸದೇ ಹೋಗುವಾಗ ಅವನು ಹೆದರುವುದು ನಿನ್ನ ದೇಹಕ್ಕಲ್ಲ, ಅವರ ನಗುವಿಗೆ. ಕಾರಣ ಅರ್ಥ ಆಗುತ್ತದೆ. ಅರ್ಥ ಆಯಿತು ಅಂದ ಮಾತ್ರಕ್ಕೆ ಅದನ್ನು ನೀನು ಸಹಿಸಬೇಕಾಗಿಲ್ಲ.

ಇನ್ನೊಂದು ವಿಷಯ ನಾನು ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ ನೋಡುವುದು. ದಪ್ಪಗಿರುವ ಮಕ್ಕಳು ಬೇರೆಯವರು ಬೇಡ ಅನ್ನುವ ಮೊದಲೇ ತಾವೇ ಹಿಂದೆ ಸರಿಯುತ್ತಾರೆ. ಕಾಲೇಜ್ ಡೇಗೆ ಹೋಗುವುದಿಲ್ಲ, ಗ್ರೂಪ್ ಫೋಟೋಗೆ ಹಿಂದೆ ನಿಲ್ಲುತ್ತಾರೆ, ಟ್ರಿಪ್ ತಪ್ಪಿಸುತ್ತಾರೆ. ಹೊಸಬರನ್ನು ಭೇಟಿಯಾಗುವ ಜಾಗಗಳೆಲ್ಲ ಹೀಗೆ ಕೈತಪ್ಪುತ್ತವೆ. ಕೊನೆಗೆ ಉಳಿಯುವುದು ಫೋನು, ಫೋನಿನಲ್ಲಿ ಸಿಕ್ಕ ಒಬ್ಬ. ಅವನೊಬ್ಬನೇ ಗತಿ ಅಂತ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಈಗ ಅವನ ಮಾತಿಗೆ ಬರುತ್ತೇನೆ.

‘ಹತ್ತು ಕೆಜಿ ಇಳಿಸು, ಆಮೇಲೆ ಹೇಳೋಣ.’ ಈ ಮಾತಿನ ಒಳಗೆ ಏನಿದೆ ನೋಡು. ಈಗಿರುವ ನೀನು ತೋರಿಸಿಕೊಳ್ಳುವಂಥವಳಲ್ಲ ಅಂತ ಇದೆ. ತೂಕ ಇಳಿಯದೇ ಇದ್ದರೆ ತಪ್ಪು ನಿನ್ನದು ಅಂತಲೂ ಇದೆ. ಇಳಿದು, ಮತ್ತೆ ಏರಿದರೆ? ಆಗಲೂ ನಿನ್ನದೇ. ಅವನು ಇಡೀ ಸಂಬಂಧದ ಭಾರವನ್ನು ನಿನ್ನ ತಕ್ಕಡಿಯ ಮೇಲಿಟ್ಟು, ತಾನು ಆರಾಮಾಗಿ ಪಕ್ಕಕ್ಕೆ ನಿಂತಿದ್ದಾನೆ.

ನಮ್ಮ ಊರುಗಳಲ್ಲಿ ಹುಡುಗ ಹುಡುಗಿಯರ ಸ್ನೇಹ ಗುಟ್ಟಾಗಿರುವುದು ಹೊಸದಲ್ಲ, ಅದೂ ನಿಜ. ಮನೆಯವರಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಅನ್ನುವ ಭಯಕ್ಕೆ ಎಷ್ಟೋ ಮಕ್ಕಳು ಮುಚ್ಚಿಡುತ್ತಾರೆ. ಅಂಥ ಗುಟ್ಟಿನಲ್ಲಿ ಇಬ್ಬರೂ ಸೇರಿ ಹೊರಗಿನವರಿಂದ ಅಡಗುತ್ತಾರೆ. ನಿನ್ನ ವಿಷಯದಲ್ಲಿ ಹಾಗಿಲ್ಲ. ಅವನ ಫ್ರೆಂಡ್ಸ್ ಅವನ ಮನೆಯವರಲ್ಲ. ಅವರೆದುರು ‘ಇವಳು ನನ್ನ ಫ್ರೆಂಡ್’ ಅನ್ನುವುದಕ್ಕೂ ಅವನಿಗೆ ಆಗುತ್ತಿಲ್ಲ. ಅವನು ಅಡಗಿಸಿಡುತ್ತಿರುವುದು ನಿನ್ನನ್ನೇ. ಇದೇ ಹುಡುಗ ತೆಳ್ಳಗಿರುವ ಬೇರೆ ಹುಡುಗಿಯ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡುತ್ತಾನಾ? ಆಡುತ್ತಾನೆ ಅಂತಾದರೆ, ಭಯ ಮನೆಯವರದ್ದಲ್ಲ.

ಜೊತೆಗೆ ಫೋಟೋ ಕೇಳುತ್ತಿದ್ದಾನೆ. ಹಗಲಲ್ಲಿ ಗುರುತಿಸದವನು ರಾತ್ರಿ ನಿನ್ನ ದೇಹದ ಫೋಟೋ ಕೇಳುತ್ತಾನೆ. ಇವೆರಡನ್ನೂ ಒಟ್ಟಿಗೆ ಇಟ್ಟು ಓದು. ನಾನು ಇದರ ಮೇಲೆ ಬೇರೆ ವ್ಯಾಖ್ಯಾನ ಕೊಡಬೇಕಾಗಿಲ್ಲ ಅನ್ನಿಸುತ್ತದೆ.

ಬೊಜ್ಜಿರುವ ಹುಡುಗಿಯರ ಬಗ್ಗೆ ಹೊರದೇಶಗಳಲ್ಲಿ ನಡೆದ ಕೆಲವು ಅಧ್ಯಯನಗಳು ಒಂದು ಎಚ್ಚರಿಕೆ ಕೊಡುತ್ತವೆ. ಅವರು ಸಂಬಂಧಗಳಿಗೆ ಇಳಿಯುವುದು ಕಡಿಮೆ. ಆದರೆ ಇಳಿದವರಲ್ಲಿ ಕೆಲವರು ಉಳಿದವರಿಗಿಂತ ಹೆಚ್ಚು ಅಪಾಯ ತೆಗೆದುಕೊಳ್ಳುತ್ತಾರೆ. ಬೇಡ ಅನ್ನಿಸಿದ್ದಕ್ಕೂ ಬೇಡ ಅನ್ನುವುದಿಲ್ಲ. ನನ್ನ ಅನುಭವವೂ ಅದೇ. ‘ನಾನು ಇಲ್ಲ ಅಂದರೆ ಅವನು ಹೋಗಿಬಿಡುತ್ತಾನೆ, ಆಮೇಲೆ ನನಗೆ ಯಾರು’ ಅನ್ನುವ ಒಂದೇ ಲೆಕ್ಕದಲ್ಲಿ ಬಹಳಷ್ಟು ಒಪ್ಪಿಗೆಗಳು ನಡೆದುಬಿಡುತ್ತವೆ. ಆ ಲೆಕ್ಕ ತಪ್ಪು ಅಂತ ಗೊತ್ತಾಗುವುದು ಎಷ್ಟೋ ತಡವಾಗಿ. ಹೈಸ್ಕೂಲು, ಪಿಯು ಬಿಟ್ಟು ಆಚೆ ಹೋದ ಮೇಲೆ ಇದೇ ದೇಹದಲ್ಲಿ, ಇದೇ ತೂಕದಲ್ಲಿ ಒಳ್ಳೆಯ ಸಂಗಾತಿಗಳನ್ನು ಕಂಡುಕೊಂಡವರು ನನ್ನ ಹಳೆಯ ರೋಗಿಗಳಲ್ಲೇ ಇದ್ದಾರೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಗುಂಪಿನ ಕಣ್ಣಿಗೆ ಇರುವಷ್ಟು ಬಲ ಆಮೇಲೆ ಇರುವುದಿಲ್ಲ.

ಕಾನೂನಿನ ಮಾತೂ ಹೇಳಬೇಕು. ನಿನಗಿನ್ನೂ 18 ಆಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ ಪ್ರಕಾರ ನೀನು ಮಗು. ಲೈಂಗಿಕ ಸಂಪರ್ಕಕ್ಕೆ ನೀನು ಮನಸಾರೆ ಒಪ್ಪಿದರೂ ಕಾನೂನು ಆ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 19ರ ಹುಡುಗನ ಮೇಲೆ ಕೇಸ್ ಆಗುತ್ತದೆ. 18 ತುಂಬದವರ ಅಂಥ ಫೋಟೋ ಕೇಳುವುದು, ಇಟ್ಟುಕೊಳ್ಳುವುದು, ಹಂಚುವುದು ಐಟಿ ಕಾಯಿದೆಯಲ್ಲೂ ಅಪರಾಧ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಅವನು ಒತ್ತಾಯ ಮಾಡಿದಾಗ ನಿನ್ನ ಕೈಯಲ್ಲಿ ಗಟ್ಟಿಯಾದ ಒಂದು ಮಾತಿರಲಿ ಅಂತ.

ಒಂದು ವೇಳೆ ಫೋಟೋ ಆಗಲೇ ಹೋಗಿದ್ದರೆ? ಆಗಲೂ ದಾರಿ ಇದೆ. ತಪ್ಪಿತಸ್ಥೆ ನೀನಲ್ಲ. ಮೆಸೇಜ್‌ಗಳನ್ನು ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು. ಬೆದರಿಸಿದರೆ ದುಡ್ಡಾಗಲಿ ಇನ್ನೊಂದು ಫೋಟೋ ಆಗಲಿ ಕೊಡಬೇಡ, ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧ ಸಹಾಯವಾಣಿ 1930. ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆಯೂ ಇದೆ. 18ರೊಳಗೆ ತೆಗೆದ ಫೋಟೋಗಳು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಡೆ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಫೋಟೋವನ್ನು ಅವರಿಗೆ ಕಳಿಸಬೇಕಾಗಿಲ್ಲ, ಅದು ನಿನ್ನ ಫೋನಿನಲ್ಲೇ ಇರುತ್ತದೆ. ಅದರ ಗುರುತಿನ ಸಂಕೇತ ಮಾತ್ರ ಅವರಿಗೆ ಹೋಗುತ್ತದೆ.

ಇನ್ನು ದೇಹ. ನಿನ್ನ ಪತ್ರದಲ್ಲಿ ನೀನು ಪ್ರೀತಿಯ ಬಗ್ಗೆ ಬರೆಯುತ್ತಾ ನಡುವೆ ಹಾಗೇ ಹೇಳಿಬಿಟ್ಟ ಮೂರು ವಿಷಯ ನನ್ನನ್ನು ತಡೆದು ನಿಲ್ಲಿಸಿದವು: ಮುಟ್ಟು, ಕಪ್ಪಾದ ಕತ್ತು, ರಾತ್ರಿಯ ತಿನ್ನುವಿಕೆ.

ಕತ್ತಿನ ಕಪ್ಪು ಕೊಳೆಯಲ್ಲ. ಉಜ್ಜುವುದನ್ನು ಇವತ್ತೇ ನಿಲ್ಲಿಸು, ಚರ್ಮ ಗಾಯವಾಗಿ ಇನ್ನೂ ಕಪ್ಪಾಗುತ್ತದೆ. ಅದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತೇವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇದ್ದಾಗ ದೇಹ ಅದನ್ನು ಜಾಸ್ತಿ ಜಾಸ್ತಿ ತಯಾರಿಸುತ್ತದೆ. ಆ ಹೆಚ್ಚಾದ ಇನ್ಸುಲಿನ್ ಚರ್ಮವನ್ನು ದಪ್ಪ, ಕಪ್ಪು ಮಾಡುತ್ತದೆ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಹೀಗಾಗುತ್ತದೆ. ಎಷ್ಟೋ ಮಕ್ಕಳು ಇದಕ್ಕೆ ಅಮ್ಮನಿಂದ ‘ಸರಿಯಾಗಿ ಸ್ನಾನ ಮಾಡಲ್ಲ’ ಅಂತ ಬೈಸಿಕೊಂಡಿರುತ್ತಾರೆ. ಇದು ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವ ಸೂಚನೆ. ಹಾಗಾಗಿ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಬ್ಬು, ಲಿವರ್, ಬಿಪಿ ಪರೀಕ್ಷೆ ಆಗಬೇಕು.

ನಾಲ್ಕು ತಿಂಗಳು ಮುಟ್ಟಾಗದೇ ಇರುವುದಕ್ಕೆ ಬೇರೆ ಬೇರೆ ಕಾರಣ ಇರಬಹುದು. ಇಬ್ಬರ ನಡುವೆ ದೈಹಿಕ ಸಂಪರ್ಕ ಆಗಿದೆಯಾ ಅಂತ ನೀನು ಬರೆದಿಲ್ಲ, ನಾನು ಊಹೆ ಮಾಡುವುದೂ ಇಲ್ಲ. ಆಗಿದ್ದರೆ ಮೊದಲು ಗರ್ಭ ಪರೀಕ್ಷೆ ಆಗಬೇಕು, ಅದನ್ನು ಒಂದು ದಿನವೂ ಮುಂದೂಡಬೇಡ. ಇಲ್ಲದಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಶಯದ ಕೆಲಸ ತಪ್ಪುವ ತೊಂದರೆ, ಇರುವ ಸಾಧ್ಯತೆ ಜಾಸ್ತಿ. ಇನ್ಸುಲಿನ್ ತೊಂದರೆ, ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು, ಮೊಡವೆ ಎಲ್ಲವೂ ಅದರ ಜೊತೆ ಬರುತ್ತವೆ. ಹೊತ್ತುಹೊತ್ತಿನ ಊಟ ಬಿಡುವುದೂ ಮುಟ್ಟನ್ನು ನಿಲ್ಲಿಸಬಲ್ಲದು. ಹಾಗಾಗಿ ಎರಡೂ ಸೇರಿಕೊಂಡಿರಬಹುದು. ಇನ್ನೊಂದು ಕಿವಿಮಾತು: ಮೊದಲ ಸಲ ಮುಟ್ಟಾಗಿ ಎಂಟು ವರ್ಷ ಆಗುವವರೆಗೆ ಬರೀ ಹೊಟ್ಟೆಯ ಸ್ಕ್ಯಾನ್ ನೋಡಿ ‘ಪಿಸಿಓಎಸ್ ಇದೆ’ ಅಂತ ತೀರ್ಮಾನ ಮಾಡಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಈ ವಯಸ್ಸಿನಲ್ಲಿ ಆರೋಗ್ಯವಾಗಿರುವವರ ಅಂಡಾಶಯವೂ ಸ್ಕ್ಯಾನ್‌ನಲ್ಲಿ ಹಾಗೇ ಕಾಣಬಹುದು. ‘ಪಿಸಿಓಎಸ್ ಇದ್ದರೆ ಮಕ್ಕಳಾಗಲ್ಲ’, ‘ಮದುವೆ ಆದರೆ ಎಲ್ಲ ಸರಿಹೋಗುತ್ತೆ’ ಅಂತ ಯಾರಾದರೂ ಹೇಳುತ್ತಾರೆ, ನೋಡುತ್ತಿರು. ಎರಡೂ ಸುಳ್ಳು. ಪಿಸಿಓಎಸ್ ಇರುವ ಬಹಳಷ್ಟು ಹೆಂಗಸರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಔಷಧಿಯ ಸಹಾಯ ಬೇಕಾಗಬಹುದು. ಮದುವೆ ಯಾವ ಹಾರ್ಮೋನಿಗೂ ಔಷಧಿಯಲ್ಲ.

ಹಾಗಾದರೆ ನೀನು ದಪ್ಪ ಆಗಿದ್ದು ಯಾಕೆ? ‘ಬಾಯಿ ಕಟ್ಟಲ್ಲ, ಅದಕ್ಕೇ’ ಅಂತ ಮನೆಯವರು ಹೇಳುತ್ತಾರೆ. ಅಷ್ಟು ಸರಳವಾಗಿದ್ದರೆ ನಮ್ಮಂಥ ಡಾಕ್ಟರ್‌ಗಳ ಕೆಲಸ ಎಂದೋ ಮುಗಿದಿರುತ್ತಿತ್ತು. 1986ರಲ್ಲಿ ಡೆನ್ಮಾರ್ಕಿನ ದತ್ತು ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಆ ಮಕ್ಕಳು ದೊಡ್ಡವರಾದಾಗ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತೇ ಹೊರತು ಸಾಕಿದವರನ್ನಲ್ಲ. ಊಟ ಹಾಕಿದ ಮನೆಗಿಂತ ರಕ್ತದ ನಂಟು ಜಾಸ್ತಿ ಹೇಳಿತು. ಹಾಗಂತ ವಂಶವೇ ಎಲ್ಲ ಅಲ್ಲ. ಅದೇ ವಂಶದಲ್ಲಿ ಅಜ್ಜಿಯರ ಕಾಲದಲ್ಲಿ ಇಷ್ಟು ಬೊಜ್ಜು ಇರಲಿಲ್ಲ. 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಬೊಜ್ಜು ಇತ್ತು. 2022ಕ್ಕೆ ಅದು ಸುಮಾರು 1 ಕೋಟಿ 25 ಲಕ್ಷ ಆಯಿತು. 32 ವರ್ಷದಲ್ಲಿ ವಂಶವಾಹಿ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ. ನಿನ್ನ ದಿನವನ್ನೇ ತೆಗೆದುಕೋ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ನಡುವೆ ಬೇಕರಿಯ ಪಫ್ಸ್, ರಾತ್ರಿ ಒಂದು ಗಂಟೆವರೆಗೆ ಓದು ಇಲ್ಲ ಫೋನು. ಆಟದ ಪೀರಿಯಡ್ ಯಾವತ್ತೋ ಮ್ಯಾಥ್ಸ್‌ಗೆ ಹೋಗಿದೆ. ನಿದ್ದೆ ಕಡಿಮೆಯಾದರೆ ಹಸಿವೆ ಜಾಸ್ತಿಯಾಗುತ್ತದೆ, ಅದೂ ಸಿಹಿ, ಕರಿದದ್ದರ ಹಸಿವೆ. ಈ ದಿನಚರಿಯನ್ನು ನೀನು ಮಾಡಿಕೊಂಡದ್ದಲ್ಲ, ದೊಡ್ಡವರು ಕಟ್ಟಿಕೊಟ್ಟದ್ದು. ‘ಥೈರಾಯ್ಡ್ ಇರಬೇಕು’ ಅಂತಲೂ ಹೇಳುತ್ತಾರೆ. ಒಮ್ಮೆ ಪರೀಕ್ಷೆ ಮಾಡಿಸು, ಆದರೆ ಈ ವಯಸ್ಸಿನ ಬೊಜ್ಜಿಗೆ ಥೈರಾಯ್ಡ್ ಕಾರಣವಾಗುವುದು ಅಪರೂಪ. ಆ ಪರೀಕ್ಷೆಯಲ್ಲಿ ಅಳೆಯುವ ಟಿಎಸ್‌ಎಚ್ ಹಾರ್ಮೋನು ಸ್ವಲ್ಪ ಏರಿರುವುದು ಎಷ್ಟೋ ಸಲ ಬೊಜ್ಜಿನ ಪರಿಣಾಮ.

ರಾತ್ರಿ ತಿಂದು ಅಳುವುದರ ಬಗ್ಗೆ ನಿನಗೆ ತುಂಬ ನಾಚಿಕೆ ಇದೆ ಅಂತ ಕಾಣುತ್ತದೆ. ಅದು ನಿನ್ನ ಚಪಲ ಅಲ್ಲ. ಹಗಲಿಡೀ ಹಸಿದ ದೇಹ ರಾತ್ರಿ ತನ್ನ ಪಾಲು ಕೇಳುತ್ತದೆ, ಆಗ ಅದನ್ನು ತಡೆಯುವುದು ಯಾರಿಂದಲೂ ಸುಲಭವಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಪ್ರಾಜೆಕ್ಟ್ ಈಟ್’ ಅಧ್ಯಯನದಲ್ಲಿ ಎರಡು ವಿಷಯ ಸ್ಪಷ್ಟವಾಗಿ ಕಂಡವು. ಡಯಟ್ ಮಾಡುತ್ತಿದ್ದ ಮಕ್ಕಳು ಐದು ವರ್ಷದ ನಂತರ ತೆಳ್ಳಗಾಗಿರಲಿಲ್ಲ. ಮಾಡದವರಿಗಿಂತ ಅವರಲ್ಲೇ ತೂಕದ ತೊಂದರೆ, ಒಮ್ಮೆಗೇ ಸಿಕ್ಕಾಪಟ್ಟೆ ತಿನ್ನುವ ತೊಂದರೆ ಜಾಸ್ತಿಯಿತ್ತು. ತೂಕದ ಬಗ್ಗೆ ಅಣಕಿಸಿಕೊಂಡ ಮಕ್ಕಳಲ್ಲೂ ಹೀಗೆ ತಿನ್ನುವುದು ಜಾಸ್ತಿ ಕಂಡಿತು. ಅಂದರೆ ಮನೆಯ ಮಾತು, ಹುಡುಗನ ಷರತ್ತು ನಿನ್ನನ್ನು ತೆಳ್ಳಗೆ ಮಾಡುವುದಿಲ್ಲ. ಉಲ್ಟಾ ಮಾಡುತ್ತವೆ.

ತೂಕ ಇಳಿಸಬೇಕಾ? ಹೌದು, ನಿನ್ನ ಆರೋಗ್ಯಕ್ಕೆ ಸ್ವಲ್ಪ ಇಳಿದರೆ ಒಳ್ಳೆಯದು. ನಿನ್ನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 33.6. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಪಟ್ಟಿಯ ಪ್ರಕಾರ ಇದು ಬೊಜ್ಜಿನ ಗೆರೆಗಿಂತ ಸಾಕಷ್ಟು ಮೇಲೆ. ಆದರೆ ಎಲ್ಲ ಹತ್ತು ಕೆಜಿಯೂ ಇಳಿಯಲೇಬೇಕು ಅಂತಿಲ್ಲ. ಈಗಿನ ತೂಕದ ನೂರಕ್ಕೆ ಐದರಷ್ಟು, ಅಂದರೆ ನಾಲ್ಕು ಕೆಜಿ ಚಿಲ್ಲರೆ ಇಳಿದರೂ ಎಷ್ಟೋ ಹುಡುಗಿಯರಲ್ಲಿ ಮುಟ್ಟು ದಾರಿಗೆ ಬರುತ್ತದೆ, ಇನ್ಸುಲಿನ್ ಸುಧಾರಿಸುತ್ತದೆ. ವಾರಕ್ಕೆ ಅರ್ಧ ಕೆಜಿಗಿಂತ ವೇಗ ಬೇಡ. ಎರಡು ತಿಂಗಳಲ್ಲಿ ಹತ್ತು ಕೆಜಿ ಅಂದರೆ ಅದರ ಎರಡೂವರೆ ಪಟ್ಟು ವೇಗ. ಅಷ್ಟು ಬೇಗ ಇಳಿಸಿದವರಿಗೆ ಕೆಲವು ತಿಂಗಳಲ್ಲಿ ಕೂದಲು ಉದುರಬಹುದು, ಪಿತ್ತಕೋಶದಲ್ಲಿ ಕಲ್ಲಾಗಬಹುದು, ಮುಟ್ಟು ನಿಲ್ಲಬಹುದು. ಇಳಿದದ್ದು ವಾಪಸ್ಸೂ ಬರುತ್ತದೆ.

ಪ್ರೋಟೀನ್ ಪೌಡರ್, ಸ್ಲಿಮ್ಮಿಂಗ್ ಟೀ, ಇನ್‌ಸ್ಟಾಗ್ರಾಮ್ ಕೋಚ್‌ಗಳನ್ನು ಬಿಟ್ಟುಬಿಡು. ಈಗ ಸುದ್ದಿಯಲ್ಲಿರುವ ತೂಕದ ಇಂಜೆಕ್ಷನ್‌ಗಳನ್ನು ಮೆಡಿಕಲ್ ಶಾಪಿನಿಂದ ನೇರ ತಂದು ಚುಚ್ಚಿಕೊಳ್ಳುವುದು ಅಪಾಯ. ಅವನ್ನು ಕೊಡಬೇಕಾ ಬೇಡವಾ ಅನ್ನುವುದು ಹಾರ್ಮೋನ್ ತಜ್ಞರು ನಿನ್ನನ್ನು ನೋಡಿ, ಪರೀಕ್ಷೆ ಮಾಡಿ, ಅಪ್ಪ ಅಮ್ಮನ ಜೊತೆ ಕೂತು ತೀರ್ಮಾನಿಸುವ ವಿಷಯ. ನಿನ್ನ ಮೊದಲ ಹೆಜ್ಜೆ ಬೇರೆ: ನಾಳೆ ಬೆಳಿಗ್ಗೆ ತಿಂಡಿ ತಿನ್ನು. ಎರಡು ಇಡ್ಲಿ, ಸಾಂಬಾರು, ಬೇಕಿದ್ದರೆ ಒಂದು ಮೊಟ್ಟೆ. ಮಧ್ಯಾಹ್ನ ಡಬ್ಬಿ ಖಾಲಿ ಮಾಡು. ಎರಡು ವಾರ ಇಷ್ಟೇ. ರಾತ್ರಿಯ ಹಸಿವೆ ಕಡಿಮೆಯಾಗುವುದು ನಿನಗೇ ಗೊತ್ತಾಗುತ್ತದೆ. ಆಮೇಲೂ ಹಾಗೇ ಮುಂದುವರಿದರೆ, ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸಿದರೆ, ಸಾಯಬೇಕು ಅನ್ನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಹುಡುಗರೂ ಇದನ್ನು ಓದುತ್ತಿರುತ್ತಾರೆ, ಅವರಿಗೂ ಎರಡು ಮಾತು. ದಪ್ಪಗಿರುವ ಹುಡುಗರು ಪ್ರೀತಿಯ ವಿಷಯದಲ್ಲಿ ಇಷ್ಟೇ ಒದ್ದಾಡುತ್ತಾರೆ, ಹೇಳುವುದು ಮಾತ್ರ ಕಡಿಮೆ. ಎದೆ ಉಬ್ಬಿದೆ ಅಂತ ಸೆಕೆಗಾಲದಲ್ಲೂ ಎರಡು ಶರ್ಟ್ ಹಾಕುವವರು, ಈಜಲು ಬರುತ್ತಿದ್ದರೂ ನೀರಿಗಿಳಿಯದವರು ಇದ್ದಾರೆ. ಹದಿಹರೆಯದಲ್ಲಿ ಹುಡುಗರ ಎದೆ ಸ್ವಲ್ಪ ಉಬ್ಬುವುದು ಸಾಮಾನ್ಯ, ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಬೊಜ್ಜಿದ್ದರೆ ಕೊಬ್ಬೂ ಸೇರಿ ಜಾಸ್ತಿ ಕಾಣುತ್ತದೆ. ಜನನಾಂಗ ಸಣ್ಣದು ಅಂತ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಅದು ಸಣ್ಣದಿರುವುದಿಲ್ಲ, ಕೆಳಹೊಟ್ಟೆಯ ಕೊಬ್ಬಿನಲ್ಲಿ ಹುದುಗಿರುತ್ತದೆ. ಡಾಕ್ಟರ್ ಅಳೆದು ನೋಡಿದರೆ ಅನುಮಾನ ಒಂದೇ ದಿನಕ್ಕೆ ಮುಗಿಯುತ್ತದೆ.

ಈಗ, ಅವನಿಗೆ ಏನು ಹೇಳುವುದು? ನಿನ್ನ ಮುಂದೆ ಮೂರು ದಾರಿ ಇವೆ.

ಈಗಿರುವ ಹಾಗೇ ಬಿಡಬಹುದು. ಅದರ ಬೆಲೆಯನ್ನು ನೀನು ಆಗಲೇ ಕೊಡುತ್ತಿದ್ದೀಯ: ಊಟ, ನಿದ್ದೆ, ಮುಟ್ಟು. ಫೋಟೋ ಒತ್ತಡವೂ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇದನ್ನು ನಾನು ಸಲಹೆ ಮಾಡಲಾರೆ.

ನೇರವಾಗಿ ಮಾತಾಡಿ ನೋಡಬಹುದು. ‘ಫೋಟೋ ಕಳಿಸಲ್ಲ, ಇನ್ನು ಕೇಳಬೇಡ. ನನ್ನ ತೂಕದ ಬಗ್ಗೆ ನೀನು ಮಾತಾಡಬೇಡ, ಅದನ್ನು ಡಾಕ್ಟರ್ ನೋಡ್ತಾರೆ. ನಿನ್ನ ಫ್ರೆಂಡ್ಸ್ ಎದುರು ನನ್ನನ್ನು ಗುರುತಿಸದೇ ಹೋಗುವುದು ನನಗೆ ಇಷ್ಟ ಇಲ್ಲ.’ ಇಷ್ಟು ಸಾಕು. ಜಗಳ ಬೇಡ, ಅಳುವುದು ಬೇಡ. ಮೆಸೇಜಿನಲ್ಲಿ ಹೇಳಿದರೂ ಸರಿ. ಆಮೇಲೆ ಅವನ ಮಾತಲ್ಲ, ನಡತೆ ನೋಡು. ‘ಸಾರಿ ಕಣೆ’ ಅಂದು ಎರಡು ದಿನಕ್ಕೆ ಮತ್ತೆ ಫೋಟೋ ಕೇಳಿದರೆ ಉತ್ತರ ಸಿಕ್ಕಿತು. ಅವನು ಸಿಟ್ಟಾಗಿ ಬಿಟ್ಟು ಹೋಗಬಹುದು, ಈ ದಾರಿಯ ಅಪಾಯ ಅದು. ನಿಜಕ್ಕೂ ತಿದ್ದಿಕೊಂಡರೆ, ನಿನಗೆ 18 ತುಂಬುವವರೆಗೆ, ಪರೀಕ್ಷೆ ಮುಗಿಯುವವರೆಗೆ ಹಗಲಲ್ಲಿ, ನಾಲ್ಕು ಜನರ ನಡುವೆ ಇರುವ ಸ್ನೇಹವಾಗಿ ಅದು ಉಳಿಯಲಿ.

ಇಲ್ಲಿಗೇ ನಿಲ್ಲಿಸಬಹುದು. ನನ್ನನ್ನು ಕೇಳಿದರೆ ನನ್ನ ಮನಸ್ಸು ಈ ಕಡೆ ವಾಲುತ್ತದೆ. ನಿಲ್ಲಿಸಿದರೆ ಮೊದಲ ಕೆಲವು ವಾರ ಕಷ್ಟ ಆಗುತ್ತದೆ. ಎಂಟು ತಿಂಗಳು ದಿನಾ ರಾತ್ರಿ ಮಾತಾಡಿದ ಅಭ್ಯಾಸ ಅದು, ಆ ಹೊತ್ತು ಖಾಲಿ ಅನ್ನಿಸುತ್ತದೆ. ಆಗ ಅಡುಗೆಮನೆ ಮತ್ತೆ ಕರೆಯಬಹುದು. ಹಾಗಾಗಿ ಆ ಹೊತ್ತಿಗೆ ಮಾತಾಡಲು ಒಬ್ಬ ಗೆಳತಿ ಇರುವಂತೆ ಮೊದಲೇ ನೋಡಿಕೋ. ನಿಲ್ಲಿಸಿದ ಮೇಲೆ ಬೆದರಿಕೆ ಬಂದರೆ ಮೇಲೆ ಕೊಟ್ಟ ನಂಬರ್‌ಗಳಿವೆ.

ಅಮ್ಮನಿಗೆ ಎಲ್ಲವನ್ನೂ ಒಂದೇ ಸಲ ಹೇಳಬೇಕಾಗಿಲ್ಲ. ಮುಟ್ಟಿನಿಂದ ಶುರು ಮಾಡು. ‘ನಾಲ್ಕು ತಿಂಗಳಾಯ್ತು, ಡಾಕ್ಟರ ಹತ್ತಿರ ಹೋಗಬೇಕು’ ಅಂದರೆ ಯಾವ ಅಮ್ಮನೂ ಇಲ್ಲ ಅನ್ನುವುದಿಲ್ಲ. ‘ಯಾರು ಮದುವೆ ಆಗ್ತಾರೆ’ ಅನ್ನುವ ಅವರ ಮಾತಿನ ಹಿಂದೆಯೂ ಭಯವೇ ಇದೆ, ಅವರಿಗೂ ಯಾರೋ ಹೀಗೇ ಹೇಳಿರುತ್ತಾರೆ. ಆದರೂ ಆ ಮಾತು ನಿಲ್ಲಬೇಕು. ನಿನಗೆ ಹೇಳಲು ಆಗದಿದ್ದರೆ ಡಾಕ್ಟರ್ ಹತ್ತಿರ ಹೇಳಿಸು. ಆ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ. ಈ ಪುಟವನ್ನು ಅಮ್ಮ ಓದುತ್ತಿದ್ದರೆ, ಅವರಿಗೂ ನನ್ನ ವಿನಂತಿ: ಮನೆಯಲ್ಲಿ ಒಂದು ತಿಂಗಳು ತೂಕದ ಮಾತೇ ಎತ್ತದೆ ಇದ್ದು ನೋಡಿ. ಅಡುಗೆ ಬದಲಾಯಿಸುವುದಿದ್ದರೆ ಎಲ್ಲರಿಗೂ ಬದಲಾಯಿಸಿ. ಮಗಳ ತಟ್ಟೆ ಮಾತ್ರ ಬೇರೆ ಮಾಡಬೇಡಿ.

ದುಡ್ಡಿನ ತೊಂದರೆ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹಾ ಕ್ಲಿನಿಕ್ ಎಲ್ಲಿದೆ ಅಂತ ಕೇಳು. ಹದಿಹರೆಯದವರಿಗಾಗಿಯೇ ಇರುವ ವ್ಯವಸ್ಥೆ ಅದು. ಆಪ್ತಸಲಹೆಗಾರರ ಹತ್ತಿರ ಒಬ್ಬಳೇ ಕೂತು ಮಾತಾಡಬಹುದು. ನೀನು ಹೇಳಿದ್ದನ್ನು ಅವರು ಸಾಮಾನ್ಯವಾಗಿ ಗುಟ್ಟಾಗಿಡುತ್ತಾರೆ. ಆದರೆ 18ರೊಳಗಿನವರ ಜೊತೆ ಲೈಂಗಿಕ ಸಂಪರ್ಕ ಆಗಿದೆ ಅಂತ ಗೊತ್ತಾದರೆ ಪೋಕ್ಸೊ ಪ್ರಕಾರ ಡಾಕ್ಟರ್ ಸೇರಿದಂತೆ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಇದು ಮೊದಲೇ ನಿನಗೆ ಗೊತ್ತಿರಲಿ. ಇದಕ್ಕೆ ಹೆದರಿ ಚಿಕಿತ್ಸೆ ಮಾತ್ರ ತಪ್ಪಿಸಬೇಡ.

ಹೋಗುವಾಗ ಕಳೆದ ಒಂದು ವರ್ಷದ ಮುಟ್ಟಿನ ತಾರೀಕು ನೆನಪಿದ್ದಷ್ಟು ಬರೆದುಕೊಂಡು ಹೋಗು. ಖಾಲಿ ಹೊಟ್ಟೆಯಲ್ಲಿ ಹೋದರೆ ರಕ್ತ ಪರೀಕ್ಷೆ ಅವತ್ತೇ ಮುಗಿಯುತ್ತದೆ. ತೂಕ ನೋಡುವಾಗ ಗಟ್ಟಿಯಾಗಿ ಓದಿ ಹೇಳಬೇಡಿ ಅಂತ ನರ್ಸ್‌ಗೆ ಹೇಳಬಹುದು, ಅದು ನಿನ್ನ ಹಕ್ಕು. ಡಾಕ್ಟರ್ ಹತ್ತಿರ ಐದು ನಿಮಿಷ ಒಬ್ಬಳೇ ಮಾತಾಡಬೇಕು ಅಂತ ಕೇಳು. ಊಟ ಬಿಟ್ಟಿರುವುದನ್ನೂ ರಾತ್ರಿ ತಿನ್ನುವುದನ್ನೂ ಆ ಐದು ನಿಮಿಷದಲ್ಲಿ ಹೇಳಿಬಿಡು. ಡಾಕ್ಟರ್ ನಿನ್ನ ತೂಕ ನೋಡಿ ಬೈದು ಕಳಿಸಿದರೆ ಅಲ್ಲಿಗೆ ನಿಲ್ಲಿಸಬೇಡ, ಇನ್ನೊಬ್ಬರನ್ನು ನೋಡು.